ಗುಮಾನಿ ಮತ್ತು ರುಜು ಹಾಕಿದ ಗಿಟಾರು

ಗಿಟಾರು ರಿಪೇರಿ ಮಾಡುವ ಆ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದನ್ನು ಬಳಸುತ್ತಿದ್ದದ್ದು ವಿದ್ಯುತ್ ಬಿಲ್ಲು ಮಾತ್ರ. ಉಳಿದವರಿಗೆಲ್ಲ ಅವನು ಗುಮಾನಿ. ಈ ಅಡ್ಡಹೆಸರಿಗೆ ಅವನೇನೂ ಬೇಜಾರು ಮಾಡಿಕೊಂಡಿರಲಿಲ್ಲ. ಮೊದಲು ಹಾಗೆ ಕರೆದವರು ಯಾರು, ಯಾಕೆ ಕರೆದರು, ಅದರಿಂದ ಅವರಿಗೇನು ಲಾಭ ಎಂದು ಮಾತ್ರ ಇಪ್ಪತ್ತು ವರ್ಷಗಳಿಂದ ಯೋಚಿಸುತ್ತಿದ್ದ.

ಮನೆಯಲ್ಲಿ ಎರಡು ಗೋಡೆ ಗಡಿಯಾರ ಇಟ್ಟಿದ್ದ, ಒಂದರ ಮೇಲೊಂದು ಕಣ್ಣಿಡಲಿ ಎಂದು. ಡಾಕ್ಟರು ಮಾತ್ರೆ ಕೊಟ್ಟರೆ ಡಬ್ಬಿಯೊಳಗಿನ ಸಣ್ಣಕ್ಷರದ ಕಾಗದವನ್ನು ಪೂರ್ತಿ ಓದಿ ಮುಗಿಸುವಷ್ಟರಲ್ಲಿ ಜ್ವರವೇ ಬೇಸತ್ತು ಹೋಗಿರುತ್ತಿತ್ತು. ಹೆಂಡತಿ ಕಣ್ಣಾಸ್ಪತ್ರೆಯೊಂದರಲ್ಲಿ ಚೀಟಿ ಬರೆಯುವವಳು, ನಗುಮುಖದ ಹೆಂಗಸು. "ಮದುವೆಗೆ ಮುಂಚೆ ಇವರು ನನ್ನ ಬಗ್ಗೆ ಹದಿಮೂರು ಜನರ ಹತ್ರ ವಿಚಾರಿಸಿದ್ರು. ಹದಿಮೂರು ಜನಾನೂ ಒಳ್ಳೇದೇ ಹೇಳಿಬಿಟ್ರು. ಅದಕ್ಕೇ ಇವರಿಗೆ ಇನ್ನೂ ಅನುಮಾನ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಆದರೆ ಗುಮಾನಿಯ ಕೈ ಮಾತ್ರ ಚಿನ್ನದಂಥದ್ದು. ಸೈಕಲ್ ಅಂಗಡಿಯ ಮಾಳಿಗೆಯ ಮೇಲಿನ ಅವನ ಕೋಣೆ ಐದು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಮೇಜಿನ ಎಡಕ್ಕೆ ಒಂದೇ ಒಂದು ಕಿಟಕಿ. ಗೋಡೆಯ ತುಂಬ ಗಿಟಾರುಗಳು, ಗಾಳಿಯ ತುಂಬ ಅಂಟಿನ ವಾಸನೆ. ಬಿರುಕು ಬಿಟ್ಟದ್ದು, ಬಾಗಿದ್ದು, ಸ್ವರ ಕೆಟ್ಟದ್ದು, ಮೆಟ್ಟಿಲಿಂದ ಉರುಳಿದ್ದು, ಗಂಡಹೆಂಡಿರ ಜಗಳದಲ್ಲಿ ಗೋಡೆಗೆ ಬಡಿದದ್ದು, ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ಮಾಡಿಸಿಕೊಂಡು ಹೋದವರು ಮತ್ತೆ ಬೇರೆ ಕಡೆ ಹೋದದ್ದಿಲ್ಲ.

ಅವನಿಗೆ ಎಲ್ಲಕ್ಕಿಂತ ಹೆಚ್ಚು ಗುಮಾನಿ ಇದ್ದದ್ದು ಸಿಗ್ನೇಚರ್ ಮಾಡೆಲ್ ಗಿಟಾರುಗಳ ಮೇಲೆ. ಹೆಸರು ಮಾಡಿದ ವಾದಕನೊಬ್ಬನ ರುಜುವನ್ನು ಗಿಟಾರಿನ ತಲೆಯ ಮೇಲೆ ಅಚ್ಚು ಹಾಕಿ, ಅವನು ನುಡಿಸುವುದು ಇಂಥದ್ದನ್ನೇ ಎಂದು ಕಂಪನಿಗಳು ಮಾರುತ್ತವಲ್ಲ, ಅವು. ಅಂಥದ್ದು ಮೇಜಿನ ಮೇಲೆ ಬಂತೆಂದರೆ ತಂದವನಿಗೆ ಪಾಠ ಕಟ್ಟಿಟ್ಟದ್ದೇ.

"ನುಡಿಸೋನು ನೀನು, ಹೆಸರು ಅವನದ್ದು. ನೀನು ತಪ್ಪು ನುಡಿಸಿದ್ರೆ ಅವನು ಬಂದು ಬೈಸ್ಕೊಳ್ತಾನಾ?"

"ಒಂದು ಸ್ಫೂರ್ತಿ ಇರುತ್ತಲ್ಲ ಮಾಮ" ಎನ್ನುವನು ಹೋಟೆಲಿನಲ್ಲಿ ನುಡಿಸುವ ಯಾವನೋ ಒಬ್ಬ, ತಲೆ ಕೆರೆದುಕೊಳ್ಳುತ್ತ.

"ಅವನು ಇದನ್ನ ಕೈಯಲ್ಲಿ ಹಿಡಿದಿದ್ದು ಫೋಟೋ ತೆಗೆಯೋ ಹೊತ್ತಿಗೆ ಮಾತ್ರ ಕಣಯ್ಯ. ಮನೇಲಿ ನುಡಿಸೋದು ಬೇರೇದನ್ನೇ. ಬರೆದಿಟ್ಕೋ."

ಈ ಮಾತಿನಲ್ಲಿ ಅಷ್ಟಿಷ್ಟು ಸತ್ಯವೂ ಇದ್ದೀತು. ಉಳಿದದ್ದು ಹೊಟ್ಟೆಯುರಿ ಎಂದರೆ ಅವನೇನೂ ಜಗಳಕ್ಕೆ ಬರುತ್ತಿರಲಿಲ್ಲ, ಯಾಕೆಂದರೆ ಅದು ಅವನಿಗೂ ಗೊತ್ತಿತ್ತು. ನಲವತ್ತು ವರ್ಷ ಮರ ಹೆರೆದವನ ಹೆಸರನ್ನು ಯಾವ ಗಿಟಾರಿನ ತಲೆಯ ಮೇಲೂ ಯಾರೂ ಬರೆದಿರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಸ್ವಂತ ಮಗಳೇ ಅಂಥದ್ದೊಂದನ್ನು ಹೊತ್ತು ಮೆಟ್ಟಿಲೇರಿ ಬಂದಳು. ಅವಳಿಗೆ ಇಪ್ಪತ್ತಾರು. ಸಂಗೀತ ಶಾಲೆಯಲ್ಲಿ ಮಕ್ಕಳಿಗೆ ಅವೇ ಮೂರು ಪಾಠಗಳನ್ನು ಐದು ವರ್ಷಗಳಿಂದ ಕಲಿಸಿ ಕಲಿಸಿ ಸೋತಿದ್ದಳು. ಗುರುವಾರ ಒಬ್ಬ ದೊಡ್ಡ ಗಾಯಕಿಯ ತಂಡಕ್ಕೆ ಆಯ್ಕೆ ಇತ್ತು. ಇದ್ದದ್ದು ಒಂದೇ ಜಾಗ. ಪೆಟ್ಟಿಗೆ ತೆರೆದು ಗಿಟಾರನ್ನು ಮೇಜಿನ ಮೇಲಿಟ್ಟಳು. ಅದರ ತಲೆಯ ಮೇಲೆ ಊರೂರು ತಿರುಗಿ ಹೆಸರಾದ ಒಬ್ಬ ವಾದಕನ ರುಜು ಬಂಗಾರದ ಬಣ್ಣದಲ್ಲಿ ಮಿನುಗುತ್ತಿತ್ತು.

ಗುಮಾನಿ ರುಜುವನ್ನು ನೋಡಿದ. ಮಗಳನ್ನು ನೋಡಿದ. ಮತ್ತೆ ರುಜುವನ್ನು ನೋಡಿದ.

"ಏನು ಹೇಳ್ತೀಯ ಅಂತ ಗೊತ್ತು, ಹೇಳ್ಬೇಡ" ಎಂದಳು ಮಗಳು. "ಅಂಗಡೀಲಿ ಹನ್ನೊಂದು ನುಡಿಸಿ ನೋಡಿದೆ. ಇದೊಂದೇ ಕೈಗೆ ಕೂತಿದ್ದು. ತಂತಿ ಬದಲಾಯಿಸು, ತಂತಿಯ ಎತ್ತರ ಸರಿ ಮಾಡು, ಅಷ್ಟು ಸಾಕು. ನೆಕ್ ಮಾತ್ರ ಬಿಚ್ಚಬೇಡ."

"ನಾನ್ಯಾಕೆ ಬಿಚ್ಚಲಿ?"

"ನೀನು ಬಿಚ್ಚೋನೇ. ಅಸಲಿಯೋ ನಕಲಿಯೋ ನೋಡ್ತೀನಿ ಅಂತ ಬಿಚ್ಚೇ ಬಿಚ್ತೀಯ. ಮತ್ತೆ ಕೂರಿಸಿದ ಮೇಲೆ ಅದು ಹದಕ್ಕೆ ಬರೋಕೆ ವಾರ ಹಿಡಿಯುತ್ತೆ ಅಂತ ನೀನೇ ಹೇಳ್ಕೊಟ್ಟಿದ್ದು. ನನಗಿರೋದು ಮೂರು ದಿನ. ಬಿಚ್ಚಲ್ಲ ಅಂತ ಮಾತು ಕೊಡು."

"ಆಯ್ತಮ್ಮ, ಬಿಚ್ಚಲ್ಲ. ಮಾತು ಕೊಟ್ಟೆ."

ನೆಕ್ ಎಂದರೆ ಎಡಗೈ ಹಿಡಿಯುವ ಉದ್ದನೆಯ ಮರದ ಭಾಗ, ಗಿಟಾರಿನ ಕತ್ತು. ಈ ಜಾತಿಯ ಗಿಟಾರಿನಲ್ಲಿ ಅದನ್ನು ಹಿಂದಿನಿಂದ ನಾಲ್ಕು ಸ್ಕ್ರೂ ಹಾಕಿ ಮೈಗೆ ಕೂರಿಸಿರುತ್ತಾರೆ.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಹೇಳಿದ ಕೆಲಸ ಮುಗಿದಿತ್ತು. ಅಲ್ಲಿಗೇ ಕೈ ತೊಳೆದುಕೊಂಡು ಎದ್ದಿದ್ದರೆ ಅವನು ಗುಮಾನಿ ಯಾಕಾಗುತ್ತಿದ್ದ? ಸ್ಕ್ರೂಗಳಿಗೆ ಅಯಸ್ಕಾಂತ ಹಿಡಿದ. ರುಜುವಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದ. ಮರವನ್ನು ಮೂಸಿದ. ತಕ್ಕಡಿಯ ಮೇಲೂ ಇಟ್ಟ. ಎಲ್ಲವೂ ಸರಿಯಾಗಿತ್ತು. ಎಲ್ಲವೂ ಸರಿಯಾಗಿರುವ ವಸ್ತುವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲವಾದ್ದರಿಂದ ಅನುಮಾನ ಇನ್ನೂ ಜಾಸ್ತಿಯಾಯಿತು. ಅಸಲಿ ಆಗಿದ್ದರೆ ನೆಕ್ಕಿನ ಬುಡದಲ್ಲಿ ಕಾರ್ಖಾನೆಯ ಮುದ್ರೆ ಇರಬೇಕು, ಅದು ಕಾಣುವುದು ಬಿಚ್ಚಿದರೆ ಮಾತ್ರ.

ಮಗಳಿಗೆ ಯಾರೋ ಟೋಪಿ ಹಾಕಿದ್ದರೆ? ಆಯ್ಕೆಯ ದಿನ ಎಲ್ಲರೆದುರಿಗೆ ಕೈಕೊಟ್ಟರೆ? ತಂದೆಯಾದವನು ನೋಡದೆ ಕಳಿಸುವುದುಂಟೇ? ಹೀಗೆ ತನಗೆ ಬೇಕಾದ ಹಾಗೆ ತಾನೇ ವಾದ ಮಾಡಿ, ತಾನೇ ಗೆದ್ದು, ಸ್ಕ್ರೂಡ್ರೈವರ್ ತೆಗೆದುಕೊಂಡ. ನಾಲ್ಕು ಸ್ಕ್ರೂ ಬಿಚ್ಚಿದ. ಬುಡದಲ್ಲಿ ಮುದ್ರೆ ಸ್ಪಷ್ಟವಾಗಿತ್ತು. ಗಿಟಾರು ಹದಿನಾರಾಣೆ ಅಸಲಿ. ಗುಮಾನಿಯ ಮುಖ ಸಪ್ಪಗಾಯಿತು.

ಹಾಳಾಗಿ ಹೋಗಲಿ, ವಾಪಸ್ ಕೂರಿಸೋಣ ಎಂದು ಬರಿಯ ನೆಕ್ಕನ್ನು ಕೈಗೆತ್ತಿಕೊಂಡು ಬಟ್ಟೆಯಿಂದ ಒರೆಸಿದ. ಒರೆಸುತ್ತಿದ್ದ ಕೈ ನಡುವೆ ನಿಂತುಬಿಟ್ಟಿತು. ಮತ್ತೊಮ್ಮೆ ಮೇಲಿಂದ ಕೆಳಗೆ ಅಂಗೈ ಆಡಿಸಿದ.

ನೆಕ್ಕಿನ ಬೆನ್ನು ಎರಡೂ ಕಡೆ ಒಂದೇ ಸಮ ಇರಲಿಲ್ಲ. ಸಣ್ಣ ತಂತಿಗಳ ಕಡೆ, ನಡುಮಧ್ಯದ ಒಂದು ಗೇಣಿನಷ್ಟು ಜಾಗದಲ್ಲಿ ಮರ ಒಂಚೂರು ಇಳಿದಿತ್ತು. ಕಣ್ಣಿಗೆ ಕಾಣದು, ಅಂಗೈಗೆ ಮಾತ್ರ ಸಿಕ್ಕೀತು. ಅದು ಗುಮಾನಿಯದೇ ಹಳೆಯ ತಪ್ಪು. ಅವನು ನೆಕ್ ಹೆರೆಯುವಾಗ ಕಿಟಕಿಯ ಕಡೆಯ ಮಗ್ಗುಲಿಗೆ ಬೆಳಕು ಬೀಳುತ್ತಿತ್ತು, ಈಚೆ ಮಗ್ಗುಲು ನೆರಳಲ್ಲಿರುತ್ತಿತ್ತು. ನೆರಳಲ್ಲಿ ಉಬ್ಬು ಉಳಿದಿದೆಯೋ ಏನೋ ಎಂಬ ಅನುಮಾನಕ್ಕೆ, ಇರಲಿ ಎಂದು ಹರಿತ ಅಂಚಿನ ತಗಡಿನಿಂದ ಇನ್ನೆರಡು ಸಲ ಹೆರೆದುಬಿಡುತ್ತಿದ್ದ. ಬೆಳಕಿನ ಕಡೆ ನಂಬಿಕೆ, ನೆರಳಿನ ಕಡೆ ಗುಮಾನಿ. ವರ್ಷಾನುಗಟ್ಟಲೆ ಹೀಗೇ ಮಾಡಿ, ಕೊನೆಗೆ ಹದಿನೈದು ವರ್ಷದ ಹಿಂದೆ ಒಂದು ದಿನ ಅಳೆದು ನೋಡಿದಾಗ ಅದು ಬಯಲಾಯಿತು. ನಾಚಿಕೆಯಿಂದ ಯಾರಿಗೂ ಹೇಳದೆ, ಅಂದಿನಿಂದ ನೆಕ್ಕನ್ನು ತಿರುಗಿಸಿಟ್ಟು ಎರಡೂ ಕಡೆ ಬೆಳಕಿಗೆ ಹಿಡಿದೇ ಹೆರೆಯುತ್ತಿದ್ದ.

ರುಜುವಿನ ಧಣಿ ಇಪ್ಪತ್ತೇಳು ವರ್ಷದ ಹಿಂದೆ ಇನ್ನೂ ಯಾರೂ ಅಲ್ಲದವನಾಗಿದ್ದಾಗ, ಮುರಿದ ಗಿಟಾರು ಹಿಡಿದು ಇದೇ ಮೆಟ್ಟಿಲು ಹತ್ತಿ ಬಂದಿದ್ದ. ಗುಮಾನಿ ನಾಲ್ಕು ದಿನದಲ್ಲಿ ಅವನಿಗೆ ಹೊಸ ನೆಕ್ ಮಾಡಿಕೊಟ್ಟಿದ್ದ. ಕಂಪನಿ ಅಚ್ಚಿಳಿಸಿದ್ದು ಅದನ್ನೇ, ತಪ್ಪಿನ ಸಮೇತ.

ಪೆಟ್ಟಿಗೆಯಲ್ಲಿದ್ದ ಚಿಕ್ಕ ಪುಸ್ತಕವನ್ನು ತೆಗೆದು ಓದಿದ. ಎಡಗೈಗೆ ಹಿತವಾಗುವ ಈ ವಿಶೇಷ ಇಳಿಜಾರನ್ನು ವಾದಕರು ವರ್ಷಗಳ ಕಾಲ ಹುಡುಕಾಡಿ ತಾವೇ ರೂಪಿಸಿದರು ಎಂದು ಅದರಲ್ಲಿ ಅಚ್ಚಾಗಿತ್ತು. ಗುಮಾನಿ ಅದನ್ನು ಮೂರು ಸಲ ಓದಿದ. ಮೊದಲ ಸಲ ಮೈ ಉರಿಯಿತು. ಎರಡನೆಯ ಸಲ ನಗು ಬಂತು. ಮೂರನೆಯ ಸಲ, ಇದನ್ನು ಹೇಳಿದರೆ ಈ ಭೂಮಿಯ ಮೇಲೆ ಯಾರು ನಂಬುತ್ತಾರೆ ಎಂದು ಯೋಚಿಸಿದ. ಒಬ್ಬಳ ಮುಖ ಮಾತ್ರ ಕಣ್ಣ ಮುಂದೆ ಬಂತು. ಮಗಳು ನಂಬಿದರೆ ಸಾಕು, ಊರು ಬೇಕಾದರೆ ನಗಲಿ. ಸ್ಕ್ರೂಗಳನ್ನು ಜೋಪಾನವಾಗಿ ಬಿಗಿದು, ತಂತಿ ಕಟ್ಟಿ, ಸ್ವರ ಕೂರಿಸಿ ಇಟ್ಟ.

ಬುಧವಾರ ಸಂಜೆ ಶಾಲೆ ಮುಗಿಸಿ ಮಗಳು ಬಂದಳು. "ಆಯ್ತಾ?" ಎಂದಳು. "ಆಯ್ತು" ಎಂದ. ಅವಳು ಗಿಟಾರನ್ನು ಎತ್ತಿ ನೇರ ಪೆಟ್ಟಿಗೆಯೊಳಗಿಟ್ಟು ಮುಚ್ಚಿದಳು.

ಗುಮಾನಿಗೆ ಕಸಿವಿಸಿಯಾಯಿತು. ಹಣ್ಣು ಕೊಂಡರೂ ಒಂದೊಂದನ್ನೇ ತಿರುಗಿಸಿ ನೋಡುವವನು ಅವನು. "ನುಡಿಸಿ ನೋಡಲ್ವೇನೇ?"

"ಯಾಕೆ? ನೀನೇ ಮಾಡಿದ್ದೀಯಲ್ಲ."

ಆ ಮಾತು ನೆಟ್ಟಗೆ ಹೋಗಿ ಚುಚ್ಚಬೇಕಾದ ಕಡೆ ಚುಚ್ಚಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕೂರಿಸಿದ ಮರ ನಾಳೆ ಒಂದು ಕೂದಲೆಳೆ ಸರಿದು ಸ್ವರ ಕೆಟ್ಟರೆ?

"ನೋಡ್ಕೊಂಡೇ ಹೋಗು ಪುಟ್ಟಿ" ಎಂದ, ನೆಲ ನೋಡುತ್ತ. "ನೆಕ್ ಬಿಚ್ಚಿದ್ದೆ."

ಮಗಳು ಪೆಟ್ಟಿಗೆ ತೆರೆದು, ಕುರ್ಚಿ ಎಳೆದು ಕೂತು, ಒಂದೊಂದು ತಂತಿಯ ಒಂದೊಂದು ಸ್ವರವನ್ನೂ ಪರೀಕ್ಷಿಸಿದಳು. ಗಿಟಾರನ್ನು ಮಗುಚಿ ನಾಲ್ಕೂ ಸ್ಕ್ರೂಗಳನ್ನು ಭೂತಗನ್ನಡಿಯಲ್ಲಿ ನೋಡಿದಳು. ಎಲ್ಲ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ತಪ್ಪೇನೂ ಸಿಗಲಿಲ್ಲ. ಅವಳು ಹುಟ್ಟಿದಾಗಿನಿಂದ ಅವನ ಕೆಲಸವನ್ನು ಹೀಗೆ ನೋಡಿರಲಿಲ್ಲ.

ಗುಮಾನಿ ತಡೆಯಲಾರದೆ ಎಲ್ಲವನ್ನೂ ಹೇಳಿದ. ಕಿಟಕಿ, ನೆರಳು, ಹೆಚ್ಚಿಗೆ ಹೆರೆದದ್ದು, ಇಪ್ಪತ್ತೇಳು ವರ್ಷದ ಹಿಂದಿನ ನಾಲ್ಕು ದಿನ, ಪುಸ್ತಕದ ಸುಳ್ಳು. ಮಗಳು ಕೊನೆಯವರೆಗೂ ಕೇಳಿದಳು.

"ಪುರಾವೆ ಏನಿದೆ ಅಪ್ಪ?"

ದನಿಯಲ್ಲಿ ಕೋಪವಿರಲಿಲ್ಲ. ಅವನೇ ಜೀವಮಾನವೆಲ್ಲ ಬೇರೆಯವರನ್ನು ಕೇಳಿದಂತೆ ತಣ್ಣಗೆ ಕೇಳಿದ್ದಳು. ಪುರಾವೆ ಇರಲಿಲ್ಲ. ಅವಳು ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು.

ಗುರುವಾರ ಅವನು ಯಾವ ಕೆಲಸಕ್ಕೂ ಕೈ ಹಚ್ಚಲಿಲ್ಲ. ಮಧ್ಯಾಹ್ನ ಹೆಂಡತಿ ಫೋನ್ ಮಾಡಿ, "ಊಟ ಮಾಡಿ ರೀ. ನೀವು ಉಪವಾಸ ಇದ್ರೆ ಸ್ಕ್ರೂ ಬಿಗಿಯಾಗಲ್ಲ" ಎಂದಳು. ಮಗಳು ಅವಳಿಗೆ ಎಲ್ಲ ಹೇಳಿದ್ದಾಳೆ ಎಂದು ಅದರಿಂದ ಗೊತ್ತಾಯಿತು.

ಆರು ಗಂಟೆಯ ಸುಮಾರಿಗೆ ಮೆಟ್ಟಿಲ ಮೇಲೆ ಸದ್ದಾಯಿತು. ಮಗಳ ಬೆನ್ನ ಮೇಲೊಂದು ಗಿಟಾರು, ಎರಡು ಕೈಯಲ್ಲಿ ಎರಡು.

"ಸಿಕ್ತು" ಎಂದಳು, ಏದುಸಿರು ಬಿಡುತ್ತ. "ಸ್ವರ ಒಂದಿಷ್ಟೂ ಅಲ್ಲಾಡಲಿಲ್ಲ." ಗುಮಾನಿ ಮೇಜಿನ ಮೇಲಿದ್ದುದನ್ನು ಬದಿಗೆ ಸರಿಸಿ ಜಾಗ ಮಾಡಿದ. "ಅಪ್ಪ, ಅಲ್ಲಿ ಇದೇ ಗಿಟಾರು ಇನ್ನೂ ಮೂರು ಜನರ ಹತ್ರ ಇತ್ತು. ಆ ಇಳಿಜಾರಿಗೆ ಕೈ ಒಗ್ಗೋಕೆ ಆರು ತಿಂಗಳು ಬೇಕಾಯ್ತು ಅಂತ ಮೂವರೂ ಗೋಳಾಡ್ತಿದ್ರು. ನನಗೆ ಅಂಗಡೀಲಿ ಹಿಡಿದ ಕೂಡಲೇ ಒಗ್ಗಿತ್ತು. ಯಾಕೆ ಅಂತ ದಾರಿ ಉದ್ದಕ್ಕೂ ಯೋಚನೆ ಮಾಡ್ದೆ."

ಮೂರನ್ನೂ ಮೇಜಿನ ಮೇಲೆ ಮಲಗಿಸಿದಳು. ಒಂದು ರುಜುವಿನದು. ಇನ್ನೊಂದು ಶಾಲೆಯದು, ಬೇರೆ ಯಾರೋ ಮಾಡಿದ್ದು. ಮೂರನೆಯದು ಅವಳಿಗೆ ಒಂಬತ್ತು ತುಂಬಿದಾಗ ಅಪ್ಪ ತಾನೇ ಮಾಡಿಕೊಟ್ಟದ್ದು, ಅವಳು ಕಲಿತದ್ದೆಲ್ಲ ಅದರ ಮೇಲೆಯೇ. ಬಣ್ಣದ ನುಣುಪಿನಿಂದ ಗುರುತು ಹತ್ತಬಾರದೆಂದು ಅಂಗೈಗೆ ತೆಳುಬಟ್ಟೆ ಸುತ್ತಿಕೊಂಡಳು. ಕಣ್ಣಿಗೂ ಬಟ್ಟೆ ಕಟ್ಟಿಕೊಂಡು, "ನಿನಗೆ ಬೇಕಾದ ಹಾಗೆ ಅದಲು ಬದಲು ಮಾಡ್ತಾ ನೆಕ್ ಮಾತ್ರ ಕೈಗೆ ಸಿಗೋ ಹಾಗೆ ಹಿಡಿ. ಮಾತಾಡ್ಬೇಡ, ಉಸಿರೂ ಬಿಡ್ಬೇಡ" ಎಂದಳು.

ಶಾಲೆಯ ಗಿಟಾರನ್ನು ಅವಳು ಪ್ರತಿ ಸಲವೂ ಮುಟ್ಟಿದೊಡನೆ ಹೇಳಿದಳು. ಉಳಿದ ಎರಡನ್ನು ಹನ್ನೆರಡು ಸಲ ಹಿಡಿದು ಆರು ಸಲ ಒಂದನ್ನು ಇನ್ನೊಂದೆಂದಳು. ಇನ್ನೊಮ್ಮೆ ಮಾಡೋಣ ಎಂದು ಹಟ ಹಿಡಿದಳು. ಎರಡನೆಯ ಸುತ್ತಿನಲ್ಲಿ ಏಳು ಸಲ ತಪ್ಪಾಯಿತು. ಕಣ್ಣಿನ ಬಟ್ಟೆ ಬಿಚ್ಚಿ ಎರಡು ಗಿಟಾರುಗಳನ್ನೂ ಪಕ್ಕಪಕ್ಕ ಇಟ್ಟಳು.

"ನಿಂದೇ ಅಪ್ಪ" ಎಂದಳು. "ನಿನ್ನ ಕೈಯೇ ಇದು."

ಇಷ್ಟು ಕೇಳುವುದಕ್ಕೇ ಅವನು ಎರಡು ದಿನದಿಂದ ಕಾದಿದ್ದ. ಸಂತೋಷವೂ ಆಯಿತು, ಆಗಲಿಲ್ಲ ಎಂದರೆ ಸುಳ್ಳಾದೀತು. ಕಣ್ಣು ಒರೆಸಿಕೊಂಡ. ಆದರೂ ಒಳಗೆ ಎಲ್ಲೋ ಒಂದು ಮುಳ್ಳು ಉಳಿದಿತ್ತು.

"ಒಂದು ಕೇಳ್ತೀನಿ. ನಾನು ಕೊಟ್ಟ ಮಾತು ಉಳಿಸ್ಕೊಂಡು, ನೆಕ್ ಬಿಚ್ಚದೇನೇ ಹೇಗೋ ಈ ವಿಷಯ ಗೊತ್ತಾಗಿ, ನಿನಗೆ ಬಂದು ಹೇಳಿದ್ರೆ, ಬರೀ ನನ್ನ ಮಾತಿನ ಮೇಲೇ ನಂಬ್ತಿದ್ಯಾ?"

"ನಂಬ್ತಿದ್ದೆ" ಎಂದಳು ಮಗಳು, ಒಂದು ಕ್ಷಣವೂ ಯೋಚಿಸದೆ.

ಆ ಉತ್ತರದ ಮೇಲೆ ಗುಮಾನಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಬಂದಿದ್ದರೆ ಅಷ್ಟು ನೋಯುತ್ತಿರಲಿಲ್ಲ.