ಪತ್ರದ ಮೂಲೆಯ ಹೆಬ್ಬೆಟ್ಟು

ಜನವರಿಯ ಎಡಿನ್‌ಬರೋದಲ್ಲಿ ಬೆಳಕು ಹರಿಯುವಷ್ಟರಲ್ಲಿ ಅರ್ಧ ಊರು ಕೆಲಸಕ್ಕೆ ಹೋಗಿಯಾಗಿರುತ್ತದೆ. ಸೆಂಗಾ ಟಲಕ್ ಎಂಬ ಹೆಂಗಸು ಅದಕ್ಕೂ ಮೊದಲೇ ಹಸ್ತಪ್ರತಿ ಭಂಡಾರದ ನೆಲಮಾಳಿಗೆಯ ಬಾಗಿಲು ತೆರೆದು, ಕೋಟು ಕಳಚಿ, ಕೈ ತೊಳೆದು, ಒರೆಸಿ, ಮತ್ತೊಮ್ಮೆ ತೊಳೆದು ಮೇಜಿನ ಮುಂದೆ ನಿಂತಿರುತ್ತಾರೆ. ಕೋಣೆಗೆ ಒಂದೇ ಕಿಟಕಿ, ಅದೂ ರಸ್ತೆಯ ಮಟ್ಟದಲ್ಲಿ. ಅದರಾಚೆ ಕಾಣುವುದು ಜನರ ಮುಖವಲ್ಲ, ಬೂಟು. ಈ ಬೀದಿಯ ಬೂಟುಗಳೆಲ್ಲ ಸೆಂಗಾ ಅವರಿಗೆ ಪರಿಚಯ. ಅವರ ಪರಿಚಯ ಮಾತ್ರ ಯಾವ ಬೂಟಿಗೂ ಇಲ್ಲ.

ಸೂರ್ಯ ಏಳುತ್ತಾನೆ. ಬೂಟುಗಳ ನಡುವಿನಿಂದ ನುಸುಳಿದ ಬಿಸಿಲು ಮೇಜಿನ ಮೇಲೆ ಅಡ್ಡಕ್ಕೆ ಮಲಗುತ್ತದೆ. ಆಗ ಹಳೆಯ ಕಾಗದದ ಮೇಲೆ ಕೂತ ಕಲ್ಲಿದ್ದಲ ಹೊಗೆಯ ಮಸಿ ಒಂದೊಂದು ಕಣವಾಗಿ ಎದ್ದು ನಿಲ್ಲುತ್ತದೆ. ಸೆಂಗಾ ಮೆತ್ತನೆಯ ಕುಂಚ ಎತ್ತಿಕೊಳ್ಳುತ್ತಾರೆ.

"ಮೇಲಿನ ದೀಪ ಇದೆಯಲ್ಲ, ಅದು ಬರೀ ಸುಳ್ಳುಬುರುಕಿ. ಎಲ್ಲಾ ಚೆನ್ನಾಗಿದೆ ಅಂತ ಹೇಳ್ಬಿಡುತ್ತೆ. ಬೆಳಗಿನ ಬಿಸಿಲಿಗೆ ಯಾರ ಮುಲಾಜೂ ಇಲ್ಲ" ಎನ್ನುತ್ತಾರೆ.

ಅವರು ಮಸಿ ತೆಗೆಯುತ್ತಿರುವುದು ಸರ್ ಹ್ಯೂ ಡನ್‌ಕ್ರೀಫ್ ಎಂಬಾತನ ಕಾಗದಪತ್ರಗಳಿಂದ. ಆತ ಸತ್ತು ಒಂದೂವರೆ ಶತಮಾನವಾಯಿತು. ಇಟಲಿಯ ಚಿತ್ರಗಳು, ಫ್ಲಾಂಡರ್ಸಿನ ಪಟಗಳು, ಹಳೆಯ ನಾಣ್ಯ, ಕೆತ್ತಿದ ಕಲ್ಲು, ಕಂಡದ್ದನ್ನೆಲ್ಲ ಕೂಡಿಟ್ಟವನು. ಹೊಲ ಉಳುವಾಗ ಸಿಕ್ಕಿದ ಬೆಳ್ಳಿಯ ಪದಕಗಳನ್ನು ರೈತರಿಂದ ಒಂದು ಗುಟುಕು ವಿಸ್ಕಿಗೆ ಕಿತ್ತುಕೊಂಡು, ಅದನ್ನೇ 'ದೇಶದ ಸಂಪತ್ತಿನ ರಕ್ಷಣೆ' ಎಂದು ಬರೆದುಕೊಂಡವನು. ಬರೆಯುವುದಕ್ಕೇನು, ಕೈಯಲ್ಲಿ ಲೇಖನಿ ಇತ್ತು. ಇನ್ನೂರು ಪೆಟ್ಟಿಗೆ ತುಂಬುವಷ್ಟು ಬರೆದ.

ಕಳಿಸಿದ ಪ್ರತಿ ಪತ್ರಕ್ಕೂ ಒಂದು ನಕಲು ಬೇಕು ಅವನಿಗೆ. ಆ ಕಾಲದ ಪದ್ಧತಿಯೆಂದರೆ, ಬರೆದ ಹಾಳೆಯ ಮೇಲೆ ಒದ್ದೆ ಮಾಡಿದ ತೆಳುಕಾಗದ ಇಟ್ಟು, ಕಬ್ಬಿಣದ ಯಂತ್ರದಲ್ಲಿ ಬಿಗಿಯಾಗಿ ಒತ್ತುವುದು. ಶಾಯಿ ತೆಳುಕಾಗದಕ್ಕೆ ಇಳಿಯುತ್ತದೆ. ಯಂತ್ರದ ತಿರುಪು ತಿರುಗಿಸುವುದು ದೊರೆಯ ಕೈಗೆ ಭಾರ. ಅಡುಗೆಮನೆಯ ಹುಡುಗಿ ಇದ್ದಳಲ್ಲ! ಒಲೆಯ ಕಬ್ಬಿಣ ಹೊಳೆಯಲೆಂದು ಅದಕ್ಕೆ ಕರಿ ತಿಕ್ಕಿ, ಮೀನು ಸೀಳಿ, ನಡುವೆ ಮೇಲಕ್ಕೆ ಓಡಿ ಪತ್ರ ಒತ್ತಿ, ಒದ್ದೆ ನಕಲನ್ನು ಕೆಳಗೆ ತಂದು, ಒಲೆಯ ಮೇಲೆ ಸೂರಿನಿಂದ ಇಳಿಬಿಟ್ಟ, ಬಟ್ಟೆ ಒಣಗಿಸುವ ಕೋಲುಗಳಿಗೆ ನೇತುಹಾಕುತ್ತಿದ್ದಳು. ಹಿಡಿದ ಮೂಲೆಯಲ್ಲಿ ಹೆಬ್ಬೆಟ್ಟಿನ ಗುರುತು ಉಳಿಯುತ್ತಿತ್ತು. ವೆನಿಸ್ಸಿನ ವರ್ಣವೈಭವದ ಮಾತುಗಳ ಪಕ್ಕದಲ್ಲೇ ಒಲೆಯ ಕರಿ, ಹೆರಿಂಗ್ ಮೀನಿನ ಜಿಡ್ಡು.

ಅವಳ ಹೆಸರು ಇನ್ನೂರು ಪೆಟ್ಟಿಗೆಯಲ್ಲಿ ಎಲ್ಲೂ ಇಲ್ಲ. ಚೌಕಟ್ಟು ಮಾಡಿದವನ ಹೆಸರಿದೆ, ಕುದುರೆಯ ಹೆಸರಿದೆ. ತಂಗಿಗೆ ಬರೆದ ಪತ್ರವೊಂದರಲ್ಲಿ ಮಾತ್ರ ದೂರು: 'ಅಡುಗೆಮನೆಯ ಹುಡುಗಿಯ ಕೈ ಎಂದೂ ಚೊಕ್ಕಟವಿಲ್ಲ, ನನ್ನ ನಕಲುಗಳನ್ನು ಕೆಡಿಸುತ್ತಾಳೆ.' ಆ ದೂರಿನ ನಕಲನ್ನೂ ಅವಳೇ ಒತ್ತಿದ್ದಾಳೆ. ಅದರ ಮೂಲೆಯಲ್ಲೂ ಹೆಬ್ಬೆಟ್ಟಿದೆ.

"ಓದೋಕೆ ಬರ್ತಿರಲಿಲ್ಲ ಅನ್ಸುತ್ತೆ ಪಾಪ. ಬಂದಿದ್ರೆ ಇನ್ನೂ ಗಟ್ಟಿಯಾಗಿ ಒತ್ತಿರೋಳು!" ಸೆಂಗಾ ನಗುತ್ತಾರೆ. ನಗು ಕೆಮ್ಮಿಗೆ ತಿರುಗುತ್ತದೆ. ಆ ಮನೆಯ ಕಲ್ಲಿದ್ದಲಿನ ಮಸಿ ಈಗ ಇವರ ಎದೆಯಲ್ಲಿದೆ.

ಸೆಂಗಾ ಹುಟ್ಟಿದ್ದು ಈಶಾನ್ಯ ಕರಾವಳಿಯ ಮೀನುಗಾರರ ಕೇರಿಯಲ್ಲಿ. ಹದಿನಾರಕ್ಕೇ ಮೀನಿನ ಕಾರ್ಖಾನೆ ಸೇರಿದರು. ಅದು ಮುಚ್ಚಿತು. ಗಂಡ ಸಮುದ್ರಕ್ಕೆ ಹೋದವನು ಬೇರೆ ಬಂದರಿನಲ್ಲಿ ಇಳಿದುಕೊಂಡ. ಈ ಭಂಡಾರಕ್ಕೆ ನೆಲ ಒರೆಸಲು ಬಂದವರಿಗೆ, ಪುಸ್ತಕ ಕಟ್ಟುವ ಮುದುಕನೊಬ್ಬ ಕೈಯ ಹದ ನೋಡಿ ಕುಂಚ ಕೊಟ್ಟ. ಇಂದಿಗೂ ಕೆಲಸ ಖಾಯಂ ಅಲ್ಲ, ವರ್ಷ ವರ್ಷದ ಕರಾರು. ದಿನಕ್ಕೆ ಎಂಟೋ ಹತ್ತೋ ಹಾಳೆ. ಕೋಣೆಯಲ್ಲಿ ನೀರು, ಚಹಾ ಏನೂ ತರುವಂತಿಲ್ಲವಾದ್ದರಿಂದ ಮಧ್ಯಾಹ್ನದ ಬ್ರೆಡ್ಡು, ಚೀಸು ಹೊರಗಿನ ಕಲ್ಲುಮೆಟ್ಟಿಲ ಮೇಲೆ. ಒಬ್ಬರೇ. ಎಷ್ಟೋ ದಿನ ಅವರ ಬಾಯಿಂದ ಹೊರಬೀಳುವ ಮೊದಲ ಮಾತು ಸಂಜೆ ಬಸ್ಸಿನ ಚಾಲಕನಿಗೆ ಹೇಳುವ ಥ್ಯಾಂಕ್ಸ್.

ಹಾಗಾಗಿ ಜೊತೆಗಿದ್ದವಳೆಂದರೆ ಆ ಅಡುಗೆಮನೆಯ ಹುಡುಗಿಯೊಬ್ಬಳೇ. ಮೊದಲ ಪೆಟ್ಟಿಗೆಗಳಲ್ಲಿ ಪುಟ್ಟ ಹೆಬ್ಬೆಟ್ಟು, ರೇಖೆಗಳೆಲ್ಲ ಹಸನು. ಬರಬರುತ್ತಾ ಅಗಲವಾಗುತ್ತದೆ. ಒಂದು ಚಳಿಗಾಲವಿಡೀ ರೇಖೆಯೇ ಇಲ್ಲ, ಅದರ ಜಾಗದಲ್ಲಿ ಬಟ್ಟೆಯ ನೇಯ್ಗೆ. ಬೆರಳಿಗೆ ಚಿಂದಿ ಸುತ್ತಿಕೊಂಡು ದುಡಿದಿದ್ದಾಳೆ. ಚಿಂದಿ ಬಿಚ್ಚಿದ ಮೇಲೆ ನಡುವೆ ಒಂದು ಅಡ್ಡಗೆರೆ, ಮೀನಿನ ಚಾಕು ಬಿದ್ದದ್ದು. ಅಂಥವು ಸೆಂಗಾ ಅವರ ಕೈಯಲ್ಲೂ ಎರಡಿವೆ. ಮುಂದೆ ವರ್ಷಗಳು ಉರುಳಿದಂತೆ ರೇಖೆ ಸವೆಯುತ್ತಾ ಹೋಗುತ್ತದೆ, ಪಾತ್ರೆ ತೊಳೆಯುವ ಸೋಡಾದ ನೀರು ತಿಂದ ಬೆರಳು. ಕೊನೆಗೆ ಎರಡು ಪತ್ರಗಳ ನಡುವೆ, ಸದ್ದಿಲ್ಲದೆ, ಅವಳು ಇಲ್ಲವಾಗುತ್ತಾಳೆ. ಮುಂದಿನ ಹಾಳೆಯ ಮೂಲೆಯಲ್ಲಿ ಬೇರೊಂದು ಪುಟ್ಟ ಹೆಬ್ಬೆಟ್ಟು.

"ಅವತ್ತು ಮನೆಗೆ ಹೋಗಿ ಟೀವಿ ಹಾಕೋಕೆ ಮನಸ್ಸಾಗ್ಲಿಲ್ಲ. ನಮ್ಮ ಮನೇಲೇ ಯಾರೋ ಹೋದಂಗಾಯ್ತು. ಸತ್ಲೋ, ಮದ್ವೆಯಾದ್ಲೋ, ಹೊರಗೆ ಹಾಕಿದ್ರೋ? ಯಾರನ್ನ ಕೇಳ್ಲಿ? ಯಾರಿಗೆ ಹೇಳ್ಲಿ?"

ಅವಳು ಇಲ್ಲವಾದ ಅದೇ ವಾರ ಸರ್ ಹ್ಯೂನ ಬೇಟೆನಾಯಿ ಸತ್ತಿದೆ. ಅದರ ಗುಣಗಾನಕ್ಕೆ ನಾಲ್ಕು ಪುಟ. ಅವಳಿಗೆ ಒಂದು ಸಾಲಿಲ್ಲ. ಇದನ್ನೇ ನಾವು ಇತಿಹಾಸ ಎಂದು ಕರೆದು, ಬೀರುವಿನಲ್ಲಿಟ್ಟು, ಬೀಗ ಹಾಕಿ ಕಾಯುತ್ತೇವೆ.

ಈ ತಿಂಗಳ ಕೊನೆಗೆ ಸರ್ ಹ್ಯೂನ ಪತ್ರಗಳ ಪ್ರದರ್ಶನವಿದೆ. ಸೋಮವಾರ ಫರ್ಗಸ್ ರೆನ್ನಿ ಕೆಳಗಿಳಿದು ಬರುತ್ತಾರೆ. ಈ ವಿಭಾಗದ ಉಸ್ತುವಾರಿ, ಬಂದರಿನ ಕೇರಿಯಲ್ಲಿ ಬೆಳೆದ ಯುವಕ. ಮೇಜಿನ ಮೇಲಿದ್ದ, ವೆನಿಸ್ಸಿನ ಚಿತ್ರ ಕೊಂಡ ಪತ್ರದ ನಕಲಿನತ್ತ ಬೆರಳು ತೋರಿಸುತ್ತಾರೆ.

"ಇದು ಇನ್ನೂ ಇಲ್ಲೇ ಇದೆಯಲ್ಲ ಸೆಂಗಾ?"

"ಎಲ್ಲಿಗೆ ಹೋಗುತ್ತೆ ಮಗನೇ? ಅದಕ್ಕೇನು ಪಿಂಚಣಿ ಬಂತಾ?"

"ತಮಾಷೆ ಬೇಡ. ಪ್ರದರ್ಶನಕ್ಕೆ ಇದೇ ಮುಖ್ಯ. ಮೂಲೆಯ ಕಪ್ಪು ಗುರುತು ತೆಗೆಸಿ ಅಂತ ಮೇಲಿನವರು ಹೇಳಿದಾರೆ."

"ಅದು ಗುರುತಲ್ಲ. ಹುಡುಗಿ."

"ನಂಗೊತ್ತಿಲ್ವಾ? ನಮ್ಮಜ್ಜಿ ಕೊಟ್ಟ ಬ್ರೆಡ್ಡಿನ ಮೇಲೂ ಒಲೆ ಕರಿ ಇರ್ತಿತ್ತು, ಹಂಗೇ ತಿಂದಿದೀನಿ. ಆದ್ರೆ ಜನ ಬರೋದು ಸರ್ ಹ್ಯೂನ ನೋಡೋಕೆ."

"ನೋಡ್ಲಿ, ಬೇಡ ಅಂದೋರ್ಯಾರು? ಅವನು ಪುಟದ ತುಂಬಾ ಕಾಲು ಚಾಚ್ಕೊಂಡು ಕೂತಿದಾನೆ. ಅವಳು ಕೇಳಿದ್ದು ಒಂದು ಮೂಲೆ."

ಫರ್ಗಸ್ ತಲೆ ಕೆರೆದುಕೊಳ್ಳುತ್ತಾರೆ. "ಶುಕ್ರವಾರದೊಳಗೆ ನೀವು ಮಾಡ್ಲಿಲ್ಲ ಅಂದ್ರೆ ಹೊರಗಿನವರಿಗೆ ಕಳಿಸ್ಬೇಕು. ಅವರು ಮದ್ದು ಹಚ್ಚಿ ತೆಗೆದೇ ಬಿಡ್ತಾರೆ. ನಿಮ್ಮ ಕರಾರು ಬೇರೆ ಮಾರ್ಚಿಗೆ ಮುಗಿಯುತ್ತೆ."

"ಹೆದರಿಸ್ತಿದೀಯಾ?"

"ಹೆದರ್ಕೊಂಡು ಹೇಳ್ತಿದೀನಿ."

ಅವರು ಹೋಗುವಾಗ, ಹೊರಗಿನವರಿಗೆ ಕಳಿಸುವ ಖಾಲಿ ಪೆಟ್ಟಿಗೆಯೊಂದನ್ನು ಬಾಗಿಲ ಬಳಿ ಇಟ್ಟು ಹೋಗುತ್ತಾರೆ.

ನಾಲ್ಕು ದಿನ ಸೆಂಗಾ ಆ ಹಾಳೆಯನ್ನು ಮುಟ್ಟುವುದಿಲ್ಲ. ಇವರೊಬ್ಬರೇ ತೀರ್ಮಾನಿಸಬೇಕು. ಮನೆಯಲ್ಲಿ ಕೇಳಲು ಯಾರೂ ಇಲ್ಲ, ಇಲ್ಲಿಯೂ ಇಲ್ಲ. ಮಾರ್ಚಿನ ನಂತರದ ಬಾಡಿಗೆ ಒಂದು ಕಡೆ, ಹೆಸರಿಲ್ಲದವಳ ಹೆಬ್ಬೆಟ್ಟು ಇನ್ನೊಂದು ಕಡೆ.

ಶುಕ್ರವಾರದ ಬಿಸಿಲು ಅಡ್ಡಕ್ಕೆ ಬೀಳುತ್ತಿದ್ದಂತೆ ಕುಂಚ ಎತ್ತಿಕೊಳ್ಳುತ್ತಾರೆ. ಮೇಲಿಂದ ಕೆಳಕ್ಕೆ, ಉಸಿರು ಬಿಗಿಹಿಡಿದು, ಸಾಲು ಸಾಲಾಗಿ ಮಸಿ ತೆಗೆಯುತ್ತಾರೆ. ಮೂಲೆಗೆ ಬಂದಾಗ ಕೈ ಇನ್ನೂ ನಿಧಾನ. ಹೆಬ್ಬೆಟ್ಟಿನ ಅಂಚು ಹಿಡಿದು ಸುತ್ತಲೂ ಮಸಿ ಒರೆಸುತ್ತಾರೆ, ಮಲಗಿದವರ ಸುತ್ತ ನೆಲ ಗುಡಿಸುವ ಹಾಗೆ.

ಫರ್ಗಸ್ ಬರುತ್ತಾರೆ. "ಮುಗೀತಾ?"

"ಮುಗೀತು. ಕೊಳೆ ಅಂತ ಇದ್ದಿದ್ದನ್ನೆಲ್ಲಾ ತೆಗ್ದಿದೀನಿ."

ಫರ್ಗಸ್ ಬಗ್ಗಿ ನೋಡುತ್ತಾರೆ. ಸುತ್ತಲಿನ ಮಸಿ ಹೋದದ್ದರಿಂದ ಹೆಬ್ಬೆಟ್ಟು ಮೊದಲಿಗಿಂತ ಕಪ್ಪಾಗಿ, ನಡುವಿನ ಗಾಯದ ಗೆರೆಯ ಸಮೇತ ಎದ್ದು ಕಾಣುತ್ತಿದೆ.

"ಮೇಲಿನವರು ಕೇಳಿದ್ರೆ ಏನನ್ಲಿ?"

"ಸೆಂಗಾ ಕೈಲಿ ಆಗಿದ್ದು ಇಷ್ಟೇ ಅನ್ನು."

ಫರ್ಗಸ್ ಹಾಳೆಯಿದ್ದ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬಾಗಿಲ ಬಳಿಯ ಪೆಟ್ಟಿಗೆಯನ್ನು ದಾಟಿ, ಪ್ರದರ್ಶನದ ಕೋಣೆಯತ್ತ ಮೆಟ್ಟಿಲು ಹತ್ತುತ್ತಾರೆ. ಸೆಂಗಾ ಬಾಗಿಲವರೆಗೆ ಬಂದು ಹಿಂದಿನಿಂದ ಕೂಗುತ್ತಾರೆ:

"ಮಗನೇ, ಗಾಜು ಕೂರಿಸೋರಿಗೆ ಒಂದು ಮಾತು ಹೇಳು. ಚೌಕಟ್ಟಿನ ಅಂಚು ಆ ಮೂಲೇನ ಮುಚ್ಚದಿದ್ರೆ ಸಾಕು. ನಂಗೆ ಬೇರೇನೂ ಬೇಡ."