ಓಪನಿಂಗ್ ಚಿಕ್ಕಪ್ಪನ ಎರಡನೇ ದಿನ

ನಮ್ಮ ಚಿಕ್ಕಪ್ಪ ಅಂಗಡಿ ತೆರೆಯುವುದರಲ್ಲಿ ಎತ್ತಿದ ಕೈ, ನಡೆಸುವುದರಲ್ಲಿ ಸೊನ್ನೆ. ಬೀದಿಯವರು ಅವನನ್ನು ‘ಓಪನಿಂಗ್’ ಎಂದೇ ಕರೆಯುತ್ತಿದ್ದರು. ನನ್ನ ಅಪ್ಪ, ಅಂದರೆ ಅವನ ಅಣ್ಣ, ಇನ್ನೂ ಖಾರವಾಗಿ ‘ಆರಂಭಶೂರ’ ಎನ್ನುತ್ತಿದ್ದರು. ಅವನು ಎರಡಕ್ಕೂ ನಗುತ್ತಲೇ ಓಗೊಡುತ್ತಿದ್ದ.

ಚಳಿ ಹಿಂದೆ ಸರಿದು ಜನ ಸ್ವೆಟರು ಮಡಚಿ ಮೇಲಿಡುವ ಹೊತ್ತಿಗೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೀದಿಯ ಕೊನೆಯ ಬೋಳು ಮರದಲ್ಲಿ ಒಂದು ಚಿಗುರು ಕಂಡರೆ ಸಾಕು, ಅವತ್ತೇ ಯಾವುದೋ ಖಾಲಿ ಮಳಿಗೆಯ ಬಾಗಿಲು ತಟ್ಟುತ್ತಿದ್ದ.

“ಮರ ಯಾರನ್ನಾದ್ರೂ ಕೇಳಿ ಚಿಗುರುತ್ತಾ?” ಎನ್ನುವುದು ಅವನ ವಾದ.

“ಮರ ಪ್ರತಿ ವರ್ಷ ಬೇರೆ ಜಾಗಕ್ಕೆ ಹೋಗಿ ಚಿಗುರಲ್ಲ ಕಣ್ರೀ” ಎನ್ನುವುದು ಚಿಕ್ಕಮ್ಮನ ಉತ್ತರ. ಅವನು ಅದನ್ನು ಕಿವಿಯ ಮೇಲೆ ಹಾಕಿಕೊಂಡಿದ್ದೇ ಇಲ್ಲ.

ನೆನಪಿರುವಷ್ಟು ಹೇಳುತ್ತೇನೆ. ಬಾಡಿಗೆ ಸೈಕಲ್ಲಿನ ಅಂಗಡಿ. ಫೋಟೋಗಳಿಗೆ ಚೌಕಟ್ಟು ಹಾಕುವ ಅಂಗಡಿ. ಬಣ್ಣದ ಮೀನಿನ ಅಂಗಡಿ. ಅದರ ಗಾಜಿನ ತೊಟ್ಟಿಯಲ್ಲಿ ಈಗ ನಮ್ಮ ಅಮ್ಮ ಈರುಳ್ಳಿ ಹಾಕಿಡುತ್ತಾರೆ. ಛತ್ರಿ ಅಂಗಡಿಯ ಕಥೆ ಕೇಳಿದರೆ ನೀವು ಹಣೆ ಚಚ್ಚಿಕೊಳ್ಳುತ್ತೀರಿ. ವಸಂತದಲ್ಲಿ ತೆರೆದ. ಮೋಡವಿಲ್ಲದ ಆಕಾಶ ನೋಡಿ ನೋಡಿ ಬೇಸತ್ತ. ಇನ್ನೇನು ಮಳೆ ಬರಬೇಕು ಎನ್ನುವಾಗ ಅಷ್ಟೂ ಛತ್ರಿಗಳನ್ನು ಪಕ್ಕದ ಬೀದಿಯವನಿಗೆ ಒಪ್ಪಿಸಿ ಕೈತೊಳೆದುಕೊಂಡ. ಮೊದಲ ಮಳೆಯ ದಿನ ತಾನೇ ತೊಪ್ಪೆಯಾಗಿ ಮನೆಗೆ ಬಂದ.

ಆದರೆ ಅವನು ಅಂಗಡಿ ತೆರೆಯುವ ದಿನ ಇತ್ತಲ್ಲ, ಅದನ್ನು ನೋಡಬೇಕಿತ್ತು. ಬಾಗಿಲಲ್ಲಿ ಒಂದು ಕಪ್ಪು ಹಲಗೆ ನಿಲ್ಲಿಸಿ, ತಾನೇ ಕಟ್ಟಿದ ಒಗಟನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಒಡೆದವರಿಗೆ ಅಂಗಡಿಯ ಮೊದಲ ಸಾಮಾನು ಪುಕ್ಕಟೆ. ಚೌಕಟ್ಟಿನ ಅಂಗಡಿಯ ಮುಂದೆ ಹೀಗೆ ಬರೆದಿದ್ದ: ‘ಹಳೇ ಮನೆ, ಹೊಸ ಬಾಡಿಗೆದಾರರು, ಬಾಡಿಗೆ ಕೊಡುವುದು ನೆರಳಿನಲ್ಲಿ.’ ಬೀದಿಯ ಜನವೆಲ್ಲ ತಲೆ ಕೆರೆದುಕೊಂಡಿತು. ಕೊನೆಗೆ ಎದುರಿನ ಕ್ಷೌರದಂಗಡಿಯವನು ಸೋಪು ಹಚ್ಚಿದ ಗಿರಾಕಿಯನ್ನು ಹಾಗೇ ಕೂರಿಸಿ ಓಡಿಬಂದು “ಮರದ ಚಿಗುರು!” ಎಂದು ಕೂಗಿದ. ಮೀನಿನ ಅಂಗಡಿಯದು ಇನ್ನೂ ಚೆನ್ನಾಗಿತ್ತು: ‘ಮುಚ್ಚಿದ ಮುಷ್ಟಿ, ಒಳಗೆ ಏನೂ ಕದ್ದಿಟ್ಟಿಲ್ಲ, ಒಮ್ಮೆ ಬಿಚ್ಚಿದರೆ ಮತ್ತೆ ಮುಚ್ಚಲು ಬರುವುದಿಲ್ಲ.’ ಅದು ಮೊಗ್ಗು. ಸೈಕಲ್ ಅಂಗಡಿಯದು ನನಗೆ ಬಾಯಿಪಾಠ: ‘ಬೆಳಿಗ್ಗೆ ಹುಟ್ಟಿತು, ಸಂಜೆಗೆ ಸತ್ತಿತು, ಹಿಂದೆ ಎಷ್ಟು ತಮ್ಮಂದಿರು ಬಂದರೂ ಅಣ್ಣನ ಸಮ ಆಗಲಿಲ್ಲ.’ ಉತ್ತರ, ಮೊದಲನೇ ದಿನ. ಅಂಥ ದಿನ ಚಿಕ್ಕಪ್ಪ ಇಸ್ತ್ರಿ ಹಾಕಿದ ಅಂಗಿಯಲ್ಲಿ ಬಾಗಿಲಿಂದ ಬೀದಿಗೆ, ಬೀದಿಯಿಂದ ಬಾಗಿಲಿಗೆ ಓಡಾಡುತ್ತ, ತಪ್ಪು ಉತ್ತರ ಹೇಳಿದವರ ಬೆನ್ನನ್ನೂ ತಟ್ಟುತ್ತಿದ್ದ. ಅಷ್ಟು ಸುಖವಾಗಿರುವ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ.

ಮರುದಿನ ಅವನಿಗೆ ತಲೆನೋವು. ಅದರ ಮರುದಿನ ಯಾರನ್ನೋ ಕಾಣಬೇಕಿತ್ತು. ಬಂದು ಕೂತರೂ ಕುರ್ಚಿಯ ತುದಿಯಲ್ಲಿ ಕೂತು, ಗಿರಾಕಿ ಬಂದರೆ ‘ಈಗ ಬಂದೆ’ ಎಂದು ತಾನೇ ಹೊರಗೆ ಹೋಗುತ್ತಿದ್ದ. ನನಗೆ ಇಂಥವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಚಿಕ್ಕಪ್ಪನಾದ್ದರಿಂದ ಸ್ವಲ್ಪ ಕಡಿಮೆ ಉರಿಯುತ್ತಿತ್ತು, ಅಷ್ಟೆ.

ಅಂಗಡಿಯಲ್ಲಿ ಉಳಿಯುತ್ತಿದ್ದವಳು ಚಿಕ್ಕಮ್ಮ. ಅವಳು ದರ್ಜಿ. ಅವಳ ಹೊಲಿಗೆ ಯಂತ್ರ ಪ್ರತಿ ಅಂಗಡಿಯ ಮೂಲೆಗೂ ಹೋಗಿ ಕೂರುತ್ತಿತ್ತು. ಚೌಕಟ್ಟಿಗೆ ಬಂದವರು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಿಕೊಂಡು ಹೋಗುತ್ತಿದ್ದರು. ಮೀನು ನೋಡಲು ಬಂದವರು ಮಕ್ಕಳ ಫ್ರಾಕಿನ ಅಳತೆ ಕೊಟ್ಟು ಹೋಗುತ್ತಿದ್ದರು. ಜನಕ್ಕೆ ಅವಳ ಕೈ ಹಿಡಿಸುತ್ತಿತ್ತು. ಇನ್ನೇನು ನಾಲ್ಕು ಮನೆಯವರು ಕಾಯಂ ಆಗುತ್ತಿದ್ದಾರೆ ಎನ್ನುವಾಗ ಚಿಕ್ಕಪ್ಪ ಬಾಗಿಲು ಎಳೆಯುತ್ತಿದ್ದ, ಯಂತ್ರ ತಳ್ಳುಗಾಡಿ ಏರಿ ಮನೆಗೆ ಬರುತ್ತಿತ್ತು. ಬಟ್ಟೆ ಹಿಡಿದು ಬಂದವರು ಮುಚ್ಚಿದ ಬಾಗಿಲು ನೋಡಿ ಬೇರೆ ದರ್ಜಿಯನ್ನು ಹುಡುಕಿಕೊಳ್ಳುತ್ತಿದ್ದರು. ಅವನಿಗೆ ಅದು ಒಂದು ಅಂಗಡಿ ಮುಚ್ಚಿದ್ದು. ಅವಳಿಗೆ ಮೊದಲಿನಿಂದ ಮುಖ ಪರಿಚಯ ಮಾಡಿಕೊಳ್ಳುವುದು, ಮತ್ತೆ ಮತ್ತೆ. ಹೀಗೆ ಅವಳ ಕೂದಲು ಅರ್ಧ ಬೆಳ್ಳಗಾಯಿತು.

ಈ ವರ್ಷ ನನ್ನ ಔಷಧಿ ಅಂಗಡಿಯ ಎದುರಿಗೆ, ಗಡಿಯಾರ ರಿಪೇರಿಯವನು ಇದ್ದ ಮಳಿಗೆ ಖಾಲಿಯಾಯಿತು. ಚಿಕ್ಕಪ್ಪನಿಗೆ ಸುದ್ದಿ ಮುಟ್ಟುವ ಮೊದಲೇ ಚಿಕ್ಕಮ್ಮ ಹೋಗಿ ಅದನ್ನು ತನ್ನ ಹೆಸರಿಗೆ ಹಿಡಿದಳು. ಬರೀ ಹೊಲಿಗೆ, ರಿಪೇರಿ. ಜೊತೆಗೆ ಮೀನಿಲ್ಲ, ಛತ್ರಿಯಿಲ್ಲ. ಸುದ್ದಿ ಕೇಳಿ ಚಿಕ್ಕಪ್ಪ ಕುಣಿದುಬಿಟ್ಟ. ಸೀಮೆಸುಣ್ಣ ಹುಡುಕಿದ, ಹಲಗೆ ಒರೆಸಿದ, ಗುನುಗತೊಡಗಿದ.

ಚಿಕ್ಕಮ್ಮ ಊಟದ ತಟ್ಟೆ ಮುಂದಿಟ್ಟು ಹೇಳಿದಳು. ಅವತ್ತು ನಾನೂ ಅಲ್ಲೇ ಇದ್ದೆ.

“ಮೊದಲನೇ ದಿನ ನೀವು ಬರೋದು ಬೇಡ. ಎರಡನೇ ದಿನ ಬನ್ನಿ.”

“ಏನಂದೆ?”

“ಗುಂಡಿ ಹಾಕೋಕೆ, ಹೊಲಿಗೆ ಬಿಚ್ಚೋಕೆ, ಇಸ್ತ್ರಿಗೆ ಒಂದು ಕೈ ಬೇಕು ನಂಗೆ. ಆ ಕೈ ಎರಡನೇ ದಿನದಿಂದ ಬೇಕು. ಬಂದ್ರೆ ನಿಮಗೊಂದು ಸ್ಟೂಲ್ ಇರುತ್ತೆ. ಬರಲಿಲ್ಲ ಅಂದ್ರೆ ಆ ಜಾಗಕ್ಕೆ ಬೇರೆಯವರನ್ನ ಇಟ್ಕೋತೀನಿ. ಆಮೇಲೆ ನೀವು ಬೇಕಾದ್ರೆ ಎಷ್ಟು ಅಂಗಡಿ ಬೇಕೋ ಅಷ್ಟು ತೆಗೀರಿ, ನನ್ನ ಮಿಷನ್ನು ಮಾತ್ರ ಅಲ್ಲಿಂದ ಕದಲಲ್ಲ.”

“ಮತ್ತೆ ಒಗಟು?”

“ಒಗಟು ನಾನೇ ಬರೀತೀನಿ.”

ಚಿಕ್ಕಪ್ಪನ ಕೈಯಲ್ಲಿ ತುತ್ತು ಹಾಗೇ ನಿಂತಿತು. ಅವಳು ಒಗಟು ಕಟ್ಟಿದ್ದನ್ನು ನಾವು ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ.

ತೆರೆಯುವ ದಿನ ಬೆಳಿಗ್ಗೆ ನಾನು ಔಷಧಿ ಅಂಗಡಿಯ ಬೀಗ ತೆಗೆಯುವಷ್ಟರಲ್ಲಿ ಚಿಕ್ಕಪ್ಪ ಮೆಟ್ಟಿಲ ಮೇಲೆ ಹಾಜರ್. ಇಸ್ತ್ರಿ ಅಂಗಿ, ಬಾಚಿದ ಕ್ರಾಪು.

“ಅಲ್ಲಿಗೆ ಬರಬೇಡ ಅಂದಿದ್ದಾಳೆ. ಇಲ್ಲಿಗೆ ಬರಬೇಡ ಅಂದಿಲ್ಲ” ಎಂದ. ಒಳಗೆ ಬಂದು ಗಾಜಿನ ಬಾಗಿಲಿಗೆ ಮೂಗು ತಾಗಿಸಿ ನಿಂತ.

ಎದುರಿಗೆ ಚಿಕ್ಕಮ್ಮ ಬಾಗಿಲು ಮೇಲೆತ್ತಿ, ಹಲಗೆ ಹೊರಗಿಟ್ಟು, ಯಾವ ಸಡಗರವೂ ಇಲ್ಲದೆ ಒಳಗೆ ಹೋಗಿ ದಾರ ಪೋಣಿಸತೊಡಗಿದಳು. ಅವಳ ದುಂಡನೆಯ ಅಕ್ಷರ ಇಲ್ಲಿಗೇ ಕಾಣುತ್ತಿತ್ತು: ‘ಬಾಗಿಲು ತೆಗೆದ ದಿನ ಊರೆಲ್ಲ ಬರುತ್ತದೆ. ಮರುದಿನದಿಂದ ಒಬ್ಬ ಬರುವುದಿಲ್ಲ. ಯಾರು?’

ಓದಿದ ಕೂಡಲೇ ಉತ್ತರ ಯಾರೆಂದು ನನಗೆ ಹೊಳೆಯಿತು. ಪಕ್ಕಕ್ಕೆ ತಿರುಗಿ ನೋಡಿದೆ. ಚಿಕ್ಕಪ್ಪನ ಕಣ್ಣು ಹೊಳೆಯುತ್ತಿತ್ತು.

“ಪರವಾಗಿಲ್ವೇ ನಿನ್ನ ಚಿಕ್ಕಮ್ಮ! ಗಟ್ಟಿ ಒಗಟು” ಎಂದ. ಅವನಿಗೆ ಅರ್ಥವೇ ಆಗಿರಲಿಲ್ಲ.

ಬೀದಿಯವರಿಗೆ ಅರ್ಥ ಆಗಿತ್ತು. ಕ್ಷೌರದಂಗಡಿಯವನು ಬಂದು ಓದಿದ, ಬಾಯಿ ತೆರೆದ, ಅಷ್ಟರಲ್ಲಿ ನನ್ನ ಅಂಗಡಿಯ ಗಾಜಿನ ಹಿಂದೆ ಚಿಕ್ಕಪ್ಪನ ಮುಖ ಕಂಡಿತು. ಹೆಗಲ ಟವೆಲನ್ನು ಬಾಯಿಗೆ ಒತ್ತಿಕೊಂಡು ವಾಪಸು ಹೋದ. ಬೇಕರಿಯ ಹೆಂಗಸು ಓದಿ, ಇತ್ತ ನೋಡಿ, ಮೊಳಕೈಯಿಂದ ಗಂಡನನ್ನು ತಿವಿದಳು. ಬಟ್ಟೆ ತರುವವರೆಲ್ಲ ತಂದರು, ಅಳತೆ ಕೊಟ್ಟರು, ಆಡುವ ಮಾತೆಲ್ಲ ಆಡಿದರು, ಹಲಗೆಯ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ. ಒಗಟು ಒಡೆದರೆ ಸಿಗುವ ಪುಕ್ಕಟೆ ಹೊಲಿಗೆ ಬಿಟ್ಟುಕೊಡುವ ಜನವೇ ಅಲ್ಲ ನಮ್ಮ ಬೀದಿಯವರು. ಅವತ್ತು ಬಿಟ್ಟರು.

“ದಡ್ಡರು” ಎಂದ ಚಿಕ್ಕಪ್ಪ, ಮುಳ್ಳಿನ ಮೇಲೆ ನಿಂತವನಂತೆ ಕಾಲು ಬದಲಿಸುತ್ತ. “ಒಬ್ಬರಿಗೂ ಹೊಳೀತಿಲ್ಲ. ನೀನು ಹೋಗಿ ಹೇಳು. ರಿಬ್ಬನ್ ಕತ್ತರಿಸೋಕೆ ಬರೋ ದೊಡ್ಡ ಮನುಷ್ಯ. ಮರುದಿನ ಅವನು ಬರ್ತಾನಾ?”

ನಾನು ಹೋದೆ. ಚಿಕ್ಕಮ್ಮ ಯಂತ್ರದಿಂದ ತಲೆ ಎತ್ತದೆ “ಅಲ್ಲ” ಎಂದಳು.

“ಹಾಗಾದ್ರೆ ಹೊಸ ಬಣ್ಣದ ವಾಸನೆ. ಒಗಟಲ್ಲಿ ವಾಸನೇನೂ ಒಬ್ಬ ಆಗಬಹುದು.”

ಮತ್ತೆ ಹೋದೆ. ಕೆಮ್ಮಿನ ಔಷಧಿಗೆ ಬಂದವರು ಕಾಯುತ್ತ ನಿಂತಿದ್ದರು. “ಅಲ್ಲ.”

“ಗೊತ್ತಾಯ್ತು! ಮೊದಲನೇ ದಿನ! ಅದೇ ಮತ್ತೆ ಬರಲ್ಲ. ನನ್ನ ಸೈಕಲ್ ಅಂಗಡಿ ಒಗಟನ್ನೇ ತಿರುಗಿಸಿ ಹಾಕಿದ್ದಾಳೆ, ಕಳ್ಳಿ.”

ಈ ಸಲ ಚಿಕ್ಕಮ್ಮ ಕಾಲು ನಿಲ್ಲಿಸಿದಳು. ಯಂತ್ರದ ಸದ್ದು ನಿಂತಿತು.

“ಎಲ್ಲ ಚೆನ್ನಾಗಿದೆ ಅಂತ ಹೇಳು. ಅವರು ಕಟ್ಟೋದೆಲ್ಲ ಚೆನ್ನಾಗೇ ಇರುತ್ತೆ. ಆದರೆ ಅಲ್ಲ.”

ಅವಳ ಕಣ್ಣಂಚು ಒದ್ದೆಯಾಗಿತ್ತು. ನನಗೆ ರೇಗಿತು, ಅವನ ಮೇಲೂ ಅವಳ ಮೇಲೂ. ಹೊರಗೆ ಬಂದು ಬೀದಿ ದಾಟುವಾಗ ಈ ಮನುಷ್ಯನಿಗೆ ಈಗಲೇ ಮುಖದ ಮೇಲೆ ಹೇಳಿಬಿಡಬೇಕು ಎಂದುಕೊಂಡೆ. ಗಾಜಿನ ಹಿಂದೆ ಅವನು ಎಳೆಯ ಮಗುವಿನ ಹಾಗೆ ಉತ್ತರಕ್ಕೆ ಕಾಯುತ್ತಿದ್ದ. ಹೇಳಲಾಗಲಿಲ್ಲ.

ಸಂಜೆ ಗಿರಾಕಿಗಳು ಕರಗಿದರು. ಚಿಕ್ಕಮ್ಮ ಹಲಗೆ ಒಳಗೆ ತೆಗೆದುಕೊಳ್ಳಲು ಬಾಗಿದಳು. ಬಾಗಿದವಳು ಅದರ ಮೇಲೆ ಕೈಯಿಟ್ಟು, ಒಂದು ಸಲ ಸುಮ್ಮನೆ ನನ್ನ ಅಂಗಡಿಯ ಕಡೆ ನೋಡಿದಳು. ಚಿಕ್ಕಪ್ಪನ ಓಡಾಟ ನಿಂತಿತು. ಬೆಳಗಿನಿಂದ ಮೊದಲ ಬಾರಿ ಅವನು ನಿಂತಲ್ಲೇ ನಿಂತಿದ್ದ.

“ನಾನು” ಎಂದ.

ನಾನು ಮಾತ್ರೆಯ ಡಬ್ಬಿಗಳನ್ನು ಸುಮ್ಮನೆ ಜೋಡಿಸುತ್ತಿದ್ದೆ.

“ಬೀದಿಗೆಲ್ಲ ಗೊತ್ತಿತ್ತೇನೇ?”

“ಹೂಂ.”

“ನಿಂಗೂ?”

“ಹೂಂ ಚಿಕ್ಕಪ್ಪಾ.”

ಮತ್ತೆ ನಾನೇ “ಹೋಗಿ ಚಿಕ್ಕಮ್ಮಂಗೆ ಹೇಳ್ಲಾ?” ಎಂದು ಕೇಳಿದೆ. ಅವನು ಬೇಡವೆಂದು ತಲೆಯಾಡಿಸಿ, ನನ್ನ ಹಿಂಬಾಗಿಲಿನಿಂದ ಹೊರಟುಹೋದ.

ಮರುದಿನ ಚಿಕ್ಕಮ್ಮ ಬಾಗಿಲು ತೆರೆದಳು. ಸ್ಟೂಲನ್ನು ಒರೆಸಿ ಯಂತ್ರದ ಪಕ್ಕ ಇಟ್ಟಳು. ಬಂದ ಗಿರಾಕಿಯೊಬ್ಬಳು ಅದರ ಮೇಲೆ ಕೂರಲು ಹೋದಾಗ “ಅಲ್ಲಿ ಬೇಡಮ್ಮ, ಜನ ಇದ್ದಾರೆ” ಎಂದಳು. ಜನ ಇರಲಿಲ್ಲ. ಹೊತ್ತು ಏರಿತು. ನನಗೆ ಕೆಲಸದಲ್ಲಿ ಮನಸ್ಸು ನಿಲ್ಲದಾಯಿತು. ಒಬ್ಬರಿಗೆ ಕಣ್ಣಿನ ಹನಿಯ ಬದಲು ಕಿವಿಯದು ಕೊಡಲು ಹೋಗಿ ಬೈಸಿಕೊಂಡೆ. ಮಧ್ಯಾಹ್ನ ತಡೆಯಲಾಗದೆ ಅಂಗಡಿಗೆ ಬೀಗ ಹಾಕಿ ಅವನ ಮನೆಗೆ ಹೋದೆ.

ಚಿಕ್ಕಪ್ಪ ಹೊಸ್ತಿಲ ಮೇಲೆ ಕೂತಿದ್ದ. ಸ್ನಾನವಾಗಿತ್ತು, ಬೂಟು ಹಾಕಿದ್ದ, ಲೇಸು ಬಿಗಿದಿದ್ದ.

“ಯಾವಾಗಿಂದ ಕೂತಿದ್ದೀಯ?”

“ಅವಳು ಹೋದಾಗಿಂದ.”

“ತಲೆನೋವಾ?” ಎಂದೆ, ಚುಚ್ಚಬೇಕೆಂದೇ.

“ಇಲ್ಲ ಕಣೇ.” ಅವನು ಅಂಗೈಗಳನ್ನು ಮೊಣಕಾಲಿಗೆ ಉಜ್ಜಿಕೊಂಡ. “ಭಯ ಆಗುತ್ತೆ. ಮೊದಲನೇ ದಿನ ಏನು ಮಾಡ್ಬೇಕು ಅಂತ ನಂಗೆ ಗೊತ್ತು. ನಗಬೇಕು, ಎಲ್ಲರನ್ನೂ ಕರೀಬೇಕು. ಎರಡನೇ ದಿನ ಯಾರೂ ಹೊಸಬರಿರಲ್ಲ. ನಾನೂ ಹೊಸಬ ಅಲ್ಲ. ಆಗ ನಾನು ಯಾರು ಅಂತಾನೇ ತಿಳಿಯಲ್ಲ. ಈ ವಯಸ್ಸಲ್ಲಿ ಇದನ್ನ ಯಾರ ಹತ್ರ ಹೇಳ್ಕೊಳ್ಳಲಿ?”

ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ. ಏನಾದರೂ ಬುದ್ಧಿ ಹೇಳಬಹುದಿತ್ತು, ಹೇಳಲಿಲ್ಲ. “ಗುಂಡಿ ಹಾಕೋಕೆ ಬರುತ್ತಾ ನಿಂಗೆ?” ಎಂದು ಕೇಳಿದೆ.

“ಬರಲ್ಲ.”

“ಮತ್ತೆ? ನೀನು ಹೊಸಬನೇ. ಏಳು.”

ಅವನು ಎದ್ದ. ದಾರಿಯುದ್ದಕ್ಕೂ ನನಗಿಂತ ಮುಂದೆ ಒಮ್ಮೆ, ಹಿಂದೆ ಒಮ್ಮೆ ನಡೆದ. ಕ್ಷೌರದಂಗಡಿಯವನು ನಮ್ಮನ್ನು ನೋಡಿ ಕತ್ತರಿ ಆಡಿಸುವುದನ್ನು ನಿಲ್ಲಿಸಿದ. ಮತ್ತೆ ಗಿರಾಕಿಯ ತಲೆಯ ಮೇಲೇ ಬಾಗಿದ, ಪುಣ್ಯಾತ್ಮ.

ಅಂಗಡಿಯ ಬಾಗಿಲಲ್ಲಿ ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡ. “ನಿನ್ನ ಒಗಟಿನ ಉತ್ತರ...” ಎಂದು ಶುರುಮಾಡಿದ.

“ಅದು ನಿನ್ನೆ ಮಾತು” ಎಂದಳು ಚಿಕ್ಕಮ್ಮ. “ಈ ಪ್ಯಾಂಟಿನ ಹೊಲಿಗೆ ಬಿಚ್ಚಿ. ಬಟ್ಟೆ ಹರೀಬಾರದು.”

ಅವನು ಸ್ಟೂಲಿನ ಮೇಲೆ ಕೂತ, ಎಂದಿನಂತೆ ತುದಿಯಲ್ಲೇ. ನಾನು ಗಾಜಿನ ಹಿಂದಿನಿಂದ ನೋಡುತ್ತಿದ್ದೆ. ಎಷ್ಟೋ ಸಲ ಏಳಲು ಹೋದ. ಒಮ್ಮೆ ಎದ್ದು ಬೀದಿಯ ನಡುವಿನವರೆಗೂ ಬಂದ; ಕೈಯಲ್ಲಿ ಪ್ಯಾಂಟು ಹಾಗೇ ಇತ್ತು. ಚಿಕ್ಕಮ್ಮ ಕರೆಯಲಿಲ್ಲ. ಯಂತ್ರ ತುಳಿಯುತ್ತಲೇ ಇದ್ದಳು, ಆದರೆ ಬಟ್ಟೆ ಮುಂದೆ ಹೋಗುತ್ತಿರಲಿಲ್ಲ ಎನ್ನುವುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಅವನು ಪ್ಯಾಂಟು ನೋಡಿದ, ಅತ್ತಿತ್ತ ನೋಡಿದ, ವಾಪಸು ಹೋಗಿ ಕೂತ.

ಸಂಜೆ ಅವಳು ದೀಪ ಆರಿಸಿ ಹೊರಗೆ ಬಂದಳು. ಬಾಗಿಲನ್ನು ಇಬ್ಬರೂ ಸೇರಿ ಕೆಳಗೆಳೆದರು. ನಾನೂ ಬೀಗ ಹಾಕಿ ಅವರ ಪಕ್ಕ ಹೋಗಿ ನಿಂತೆ. ಚಿಕ್ಕಪ್ಪನ ಬೆರಳಿಗೆ ಸೂಜಿ ಚುಚ್ಚಿದ ಗುರುತುಗಳಿದ್ದವು. ಬೆರಳನ್ನು ಬಾಯಿಗಿಟ್ಟುಕೊಂಡು ಕೇಳಿದ:

“ನಾಳೆ ಏನು?”

“ನಾಳೇನೂ ಇದೇ” ಎಂದಳು ಚಿಕ್ಕಮ್ಮ.

“ನಾಡಿದ್ದು?”

“ನಾಡಿದ್ದೂ ಇದೇ.”

ಅವನು ಬೀದಿಯ ಆ ಕೊನೆ ನೋಡಿದ, ಈ ಕೊನೆ ನೋಡಿದ. ಹೊರಟೇ ಹೋಗುತ್ತಾನೆ ಎಂದು ನನಗೆ ಅನಿಸಿತು. ಅವಳಿಗೂ ಅನಿಸಿರಬೇಕು, ಕೀಲಿ ಹಿಡಿದ ಅವಳ ಕೈ ಚೀಲದೊಳಗೆ ಹೋಗದೆ ಹಾಗೇ ನಿಂತಿತ್ತು.

“ಎಷ್ಟು ಹೊತ್ತಿಗೆ?” ಎಂದ ಚಿಕ್ಕಪ್ಪ.