ಎಲ್ಲದಕ್ಕೂ ಒಂದೇ ತಾರೀಖು

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹರಪನಹಳ್ಳಿಯ ಒಂದು ಮೆಕ್ಕೆಜೋಳದ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನೊಬ್ಬನೇ. ಸಂಜೆ ಎಲ್ಲರೂ ಹೋದ ಮೇಲೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಶಾಖೆಗಳಿಗೆ ಮರುದಿನದ ಖರೀದಿ ದರವನ್ನು ಮೇಲ್ ಮಾಡುತ್ತಿದ್ದೆ. ನಮ್ಮ ಹಳೇ ಮೇಲ್ ಸರ್ವರ್ ಮನಸ್ಸು ಬಂದರೆ ಕಳಿಸುತ್ತಿತ್ತು, ಇಲ್ಲದಿದ್ದರೆ ನುಂಗಿ ಕೂರುತ್ತಿತ್ತು. ಹಾಗಾಗಿ ಮುಟ್ಟಿದ್ದಕ್ಕೆ ಎಲ್ಲರೂ ಮರಳಿ ಬರೆಯಲೇಬೇಕೆಂದು ಕಟ್ಟಪ್ಪಣೆ ಮಾಡಿದ್ದೆ.

ಉಳಿದವರು ‘ಮುಟ್ಟಿತು’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಹಡಗಲಿಯಲ್ಲಿ ಲೆಕ್ಕ ಬರೆಯುವ, ನಾನು ಮುಖವನ್ನೇ ನೋಡಿರದ ಹೆಂಗಸು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಇನ್ನೊಂದು ಮಾತು ಸೇರಿಸುತ್ತಿದ್ದರು: ‘ಮುಟ್ಟೈತ್ರಿ ಸರ್. ಊಟ ಆತೇನ್ರಿ?’

‘ಆಯಿತು’ ಎಂದು ಸುಳ್ಳು ಬರೆದು, ಬೀಗ ಹಾಕಿ, ಖಾನಾವಳಿಗೆ ಹೋಗುತ್ತಿದ್ದೆ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ ನನ್ನನ್ನು ಹಾಗೆ ಕೇಳುವ ಇನ್ನೊಂದು ಜೀವ ಇರಲಿಲ್ಲ.

ಹೀಗೇ ಕೆಲವು ವರ್ಷ ನಡೆದ ಮೇಲೆ ಮಾಲೀಕರು ಹೊಸ ಸರ್ವರ್ ತರಿಸಿದರು. ಶಾಖೆಗಳಲ್ಲಿ ಅದನ್ನು ಜೋಡಿಸುವುದು, ಹಳೆಯ ಮೇಲ್‌ಗಳನ್ನು ಅದಕ್ಕೆ ಸಾಗಿಸುವುದು ಎರಡೂ ನನ್ನ ತಲೆಗೇ ಬಂದವು.

‘ದರದ ಮೇಲ್ ಅಷ್ಟ ಸಾಕಪಾ, ಹಾಳುಮೂಳೆಲ್ಲ ಬ್ಯಾಡ,’ ಎಂದಿದ್ದರು ಮಾಲೀಕರು. ಅವರಿಗೇನು ಗೊತ್ತು.

ಕೊನೆಗೆ ಹಡಗಲಿಗೆ ಹೋದೆ. ಆಕೆ ನಡುವಯಸ್ಸಿನವರು. ಚಹಾ ತರಿಸಿದರು. ಇನ್ನು ಮೇಲ್ ಮುಟ್ಟಿದ ಕೂಡಲೇ ಸರ್ವರೇ ನನಗೆ ತಿಳಿಸುತ್ತದೆ ಎಂದು ತೋರಿಸಿಕೊಟ್ಟೆ.

‘ಹಂಗಾರ ದಿನಾ ಬರಿಯೋದು ತಪ್ತು ನೋಡ್ರಿ,’ ಎಂದು ನಿರಾಳವಾಗಿ ನಕ್ಕರು. ‘ನಿಮ್ಮ ಮೇಲ್ ಕಾಯ್ಕೋಂತ ಕುಂತು ಸಂಜಿ ಬಸ್ಸು ತಪ್ತಿತ್ತು. ಮನ್ಯಾಗ ಹುಡುಗ್ರು ಹಸ್ಕೊಂಡಿರ್ತಿದ್ವು.’

ನನಗೆ ಸಿಟ್ಟು ಬಂತು. ಆಕೆಯ ಮೇಲಲ್ಲ, ಅಷ್ಟು ಚೆನ್ನಾಗಿ ಕೆಲಸ ಮಾಡುವ ಆ ಹೊಸ ಸರ್ವರ್ ಮೇಲೆ. ‘ಬರದ್ರೂ ನಡಿತೈತ್ರಿ’ ಎಂದು ಬಾಯಿತನಕ ಬಂದದ್ದನ್ನು ಚಹಾದ ಜೊತೆ ನುಂಗಿದೆ.

ಮರುದಿನ ಕೂತು ಮೇಲ್‌ಗಳನ್ನು ಸಾಗಿಸಿದೆ. ಹಡಗಲಿಯ ಉತ್ತರಗಳಲ್ಲಿ ಒಂದನ್ನೂ ಬಿಡಲಿಲ್ಲ. ಸಂಜೆ ದರ ಕಳಿಸಿದರೆ ಮುಟ್ಟಿತೆಂದು ಸರ್ವರ್ ತಕ್ಷಣ ಹೇಳಿತು. ಆದರೂ ಕಾದೆ. ಹಡಗಲಿಯಿಂದ ಏನೂ ಬರಲಿಲ್ಲ. ಆಕೆಗೆ ಬಸ್ಸು ಸಿಕ್ಕಿರಬೇಕು. ಸಿಗಲಿ ಎಂದುಕೊಂಡರೂ ಅಳು ಒತ್ತಿ ಬಂತು.

ಹಳೆಯ ಉತ್ತರಗಳನ್ನಾದರೂ ನೋಡೋಣವೆಂದು ತೆರೆದೆ. ಅಲ್ಲೊಂದು ಎಡವಟ್ಟಾಗಿತ್ತು. ಸಾಗಿಸುವಾಗ ಹಳೆಯ ತಾರೀಖುಗಳೆಲ್ಲ ಅಳಿಸಿಹೋಗಿ ಪ್ರತಿಯೊಂದಕ್ಕೂ ಆವತ್ತಿನ ತಾರೀಖೇ ಬಿದ್ದಿತ್ತು. ಅಷ್ಟು ವರ್ಷಗಳ ಉತ್ತರಗಳು ಆ ಒಂದೇ ದಿನ ಬಂದಂತೆ ಒಂದರ ಕೆಳಗೊಂದು ನಿಂತಿದ್ದವು. ಊಟ ಆತೇನ್ರಿ? ಊಟ ಆತೇನ್ರಿ? ಸರಿಪಡಿಸಬಹುದಿತ್ತು, ಹಾಗೇ ಬಿಟ್ಟೆ.

ಎಲ್ಲಕ್ಕಿಂತ ಮೇಲಿದ್ದುದಕ್ಕೆ ಉತ್ತರ ಬರೆಯಲು ಕೂತೆ. ಕಳಿಸುವುದಿಲ್ಲವೆಂದು ಗೊತ್ತಿದ್ದುದರಿಂದ ಮೊದಲ ಸಲ ನಿಜ ಬರೆದೆ: ‘ಇನ್ನೂ ಇಲ್ಲರಿ.’